ಒಗ್ಗರಣೆ ಆಗುವವರೆಗೆ

ನಾನು ಒಮ್ಮೆ ಬೇರೆಯವರ ತಾಯಿಯನ್ನು ನನ್ನ ಮನೆಗೆ ಕರೆದುಕೊಂಡು ಬಂದುಬಿಟ್ಟಿದ್ದೇನೆ. ಬೇಕೆಂದು ಮಾಡಿದ್ದಲ್ಲ. ಅಥವಾ ಮೊದಮೊದಲು ಬೇಕೆಂದು ಮಾಡಿದ್ದಲ್ಲ. ಈ ‘ಮೊದಮೊದಲು’ ಎಂಬ ಮಾತನ್ನು ಇಷ್ಟು ವರ್ಷ ಯಾರ ಮುಂದೆಯೂ ಆಡಿಲ್ಲ. ನಿಮ್ಮ ಮುಂದೆ ಆಡುತ್ತಿದ್ದೇನೆ, ಸ್ವಲ್ಪ ಸಮಾಧಾನದಿಂದ ಕೇಳಿ.

ಎಂಬತ್ತರ ದಶಕದ ನಡುಭಾಗ. ನಾನಿದ್ದದ್ದು ಅಮೆರಿಕದ ಹೇವರ್ಡ್‌ನಲ್ಲಿ, ಒಂದು ಮಲಗುವ ಕೋಣೆಯ ಅಪಾರ್ಟ್‌ಮೆಂಟಿನಲ್ಲಿ, ಒಬ್ಬನೇ. ವಯಸ್ಸು ನಲವತ್ತರ ಹತ್ತಿರ, ಮದುವೆಯಾಗಿರಲಿಲ್ಲ. ಮೈಸೂರಿನಲ್ಲಿ ಆಹಾರ ವಿಜ್ಞಾನ ಓದಿದ್ದ ನನಗೆ ಡಬ್ಬಿಯಲ್ಲಿ ಟೊಮೇಟೊ ತುಂಬುವ ಒಂದು ಕಾರ್ಖಾನೆಯಲ್ಲಿ ರುಚಿ ನೋಡುವ ಕೆಲಸ. ನಗಬೇಡಿ, ಅದೂ ಒಂದು ವಿದ್ಯೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಟೊಮೇಟೊ ರಸವನ್ನು ಚಮಚದಲ್ಲಿ ಬಾಯಿಗೆ ಹಾಕಿಕೊಳ್ಳುವುದು, ಹುಳಿ ಎಷ್ಟು, ಸಿಹಿ ಎಷ್ಟು ಎಂದು ಗುರುತಿಸುವುದು, ಉಗುಳುವುದು, ಬರೆದಿಡುವುದು. ಇಷ್ಟಾದ ಮೇಲೆ ಮನೆಗೆ ಬಂದರೆ ನಾಲಿಗೆಗೆ ಏನೂ ಬೇಕೆನಿಸುತ್ತಿರಲಿಲ್ಲ. ಬ್ರೆಡ್ಡು, ಮೊಸರು, ಬಾಟಲಿಯ ಉಪ್ಪಿನಕಾಯಿ. ಅದನ್ನೂ ಸಿಂಕಿನ ಮುಂದೆ ನಿಂತುಕೊಂಡೇ ಮುಗಿಸುತ್ತಿದ್ದೆ. ತಟ್ಟೆ ತೊಳೆಯಲು ಅನುಕೂಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ, ಕುಳಿತರೆ ಎದುರಿನ ಕುರ್ಚಿ ಖಾಲಿ ಇರುವುದು ಕಾಣುತ್ತಿತ್ತು.

ಭಾನುವಾರಗಳಲ್ಲಿ ಸಾಂಟಾ ಕ್ಲಾರಾದ ಕಡೆ ಯಾರಾದರೊಬ್ಬರ ಮನೆಯಲ್ಲಿ ಕನ್ನಡದವರೆಲ್ಲ ಸೇರುತ್ತಿದ್ದೆವು. ಒಬ್ಬರು ಪುಳಿಯೋಗರೆ ತಂದರೆ ಇನ್ನೊಬ್ಬರು ಪಾಯಸ. ಒಂಟಿ ಗಂಡಸರಿಗೆ ಪೇಪರ್ ತಟ್ಟೆ ತರುವ ಜವಾಬ್ದಾರಿ. ಊಟವಾದ ಮೇಲೆ ಒಂದು ಆಟವಿತ್ತು: ಅಮೆರಿಕದಲ್ಲಿ ಎಲ್ಲಕ್ಕಿಂತ ಒಳ್ಳೆಯದು ಯಾವುದು, ಎಲ್ಲಕ್ಕಿಂತ ಕೆಟ್ಟದ್ದು ಯಾವುದು? ಒಬ್ಬೊಬ್ಬರೂ ಹೇಳಬೇಕು. ನಲ್ಲಿ ತಿರುಗಿಸಿದರೆ ಬಿಸಿನೀರು, ಫ್ರೀವೇ, ಊರಿನ ಲೈಬ್ರರಿ, ಇವು ಒಳ್ಳೆಯದರ ಪಟ್ಟಿಯಲ್ಲಿ ತಪ್ಪದೆ ಬರುತ್ತಿದ್ದವು. ಕಾಫಿ ಎಂದು ಅವರು ಕೊಡುವ ಕರಿನೀರು, ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳು, ಇವು ಕೆಟ್ಟದ್ದು. ನನ್ನ ಸರದಿ ಬಂದಾಗ ನಾನು ಹೇಳುತ್ತಿದ್ದದ್ದು ಒಂದೇ: “ಇಲ್ಲಿ ಯಾರೂ ಏನೂ ಕೇಳಲ್ಲ. ಅದೇ ಬೆಸ್ಟು.” ಸಂಬಳವೆಷ್ಟು, ಮದುವೆ ಯಾವಾಗ, ಯಾಕೆ ಇಷ್ಟು ಸೊರಗಿದ್ದೀ ಎಂದು ಕೇಳುವವರಿಲ್ಲದ ದೇಶ. ಎಲ್ಲರೂ ತಲೆದೂಗುತ್ತಿದ್ದರು. ಕೆಟ್ಟದ್ದು ಯಾವುದು ಎಂದಾಗ ನಾನೂ ಕಾಫಿಯ ಹೆಸರು ಹೇಳಿ ಜಾರಿಕೊಳ್ಳುತ್ತಿದ್ದೆ.

ಯಾರೂ ಏನೂ ಕೇಳುವುದಿಲ್ಲ ಎಂದೆನಲ್ಲ, ಕನ್ನಡದವರು ಒಂದನ್ನು ಮಾತ್ರ ಕೇಳುತ್ತಿದ್ದರು: “ಏರ್‌ಪೋರ್ಟಿಗೆ ಹೋಗ್ತೀರಾ?” ಹೆಂಡತಿ ಮಕ್ಕಳಿಲ್ಲದವನಿಗೆ ಸಮಯ ಧಾರಾಳ ಎಂದು ಲೋಕದ ನಂಬಿಕೆ. ಊರಿನಿಂದ ಬರುವ ಅತ್ತೆ, ಮಾವ, ಭಾವಮೈದುನರನ್ನು ನಾನು ಕರೆತರುತ್ತಿದ್ದೆ. ಉಪಕಾರ ಮಾಡುತ್ತಿದ್ದೇನೆ ಎಂಬ ಮುಖ ಮಾಡಿಕೊಂಡು ಹೋಗುತ್ತಿದ್ದೆನಾದರೂ ನನಗದು ಹಬ್ಬ. ಕಸ್ಟಮ್ಸ್ ಬಾಗಿಲು ತೆರೆಯುತ್ತದೆ, ಗಾಡಿ ತಳ್ಳಿಕೊಂಡು ಯಾರೋ ಬರುತ್ತಾರೆ, ಅವರ ಕಣ್ಣು ಗುಂಪಿನಲ್ಲಿ ಹುಡುಕುತ್ತದೆ, ನನ್ನ ಮೇಲೆ ನಿಲ್ಲುತ್ತದೆ, ಮುಖ ಅರಳುತ್ತದೆ. ಆ ಅರಳುವಿಕೆ ನನಗಾಗಿ ಅಲ್ಲ ಎಂದು ಗೊತ್ತಿದ್ದೂ ಸಂತೋಷವಾಗುತ್ತಿತ್ತು.

ಆ ದಿನ ಹಾಗೆ ಕೇಳಿದವನು ನಾಗರಾಜ, ಸಾಂಟಾ ಕ್ಲಾರಾದಲ್ಲಿ ಇಂಜಿನಿಯರು. “ಸಾರ್, ಮೈಸೂರಿಂದ ಅಮ್ಮ ಬರ್ತಿದಾರೆ, ನಂಗೆ ಮೀಟಿಂಗು, ತಪ್ಪಿಸ್ಕೊಳ್ಳಕ್ಕಾಗಲ್ಲ. ನಿಮ್ಮನೆಗೆ ಕರ್ಕೊಂಡ್ಹೋಗಿ ಕೂರ್ಸಿರಿ, ಆರು ಗಂಟೆಗೆ ನಾನೇ ಬರ್ತೀನಿ” ಎಂದ. ಗುರುತು ಹೇಗೆ ಎಂದು ಕೇಳಿದೆ. ಬಿಳಿ ಕೂದಲು, ಮೂಗುಬೊಟ್ಟು, ರೇಷ್ಮೆ ಸೀರೆ, ಅದರ ಮೇಲೆ ಸ್ವೆಟರು, ಕೆಳಗೆ ಕ್ಯಾನ್‌ವಾಸ್ ಶೂ. ಈ ವಿವರಣೆಗೆ ಹೊಂದದ ತಾಯಿ ಮೈಸೂರಿನಿಂದ ಅಮೆರಿಕಕ್ಕೆ ಅಲ್ಲಿಯವರೆಗೆ ಬಂದೇ ಇರಲಿಲ್ಲ ಎಂಬುದು ನನಗೆ ಹೊಳೆಯಬೇಕಿತ್ತು.

ಬಾಗಿಲು ತೆರೆಯಿತು. ಬಿಳಿ ಕೂದಲು, ಮೂಗುಬೊಟ್ಟು, ಸ್ವೆಟರು, ಶೂ, ಎಲ್ಲ ಸರಿಯಾಗಿತ್ತು. “ಅಮ್ಮಾ, ಮೈಸೂರಿಂದ ಬಂದ್ರಾ?” ಎಂದೆ. “ಹೂಂ ಕಣಪ್ಪ. ಪುಟ್ಟು ಬರ್ಲಿಲ್ವಾ?” ಎಂದರು. ಮೀಟಿಂಗು, ನನ್ನನ್ನು ಕಳಿಸಿದ್ದಾರೆ ಎಂದೆ. “ಬರಕ್ಕಾಗ್ದಿದ್ರೆ ಯಾರನ್ನಾದ್ರೂ ಕಳಿಸ್ತೀನಿ ಅಂತ ಕಾಗ್ದ ಬರ್ದಿದ್ದ” ಎಂದು ಚೀಲವನ್ನು ನನ್ನ ಕೈಗೆ ಕೊಟ್ಟರು. ಆಮೇಲೆ, ನಡೆಯುತ್ತ ನಡೆಯುತ್ತಲೇ, ನನ್ನ ಮುಖ ನೋಡಿ, “ಊಟ ಆಯ್ತೇನಪ್ಪಾ?” ಎಂದು ಕೇಳಿದರು.

ನೀವು ಕೇಳಬಹುದು, ಹೆಸರು ಕೇಳಲಿಲ್ಲವೇ ಎಂದು. ನನ್ನ ತಾಯಿಯ ವಯಸ್ಸಿನ ಹೆಂಗಸಿನ ಎದುರು ನಿಂತು “ನಿಮ್ಮ ಹೆಸರೇನು?” ಎಂದು ಕೇಳುವುದೇ? ಹಾಗೆ ಕೇಳುವುದು ಪೊಲೀಸರು ಮಾತ್ರ ಎಂದು ತಿಳಿದು ಬೆಳೆದವನು ನಾನು. ನಾಗರಾಜನ ತಾಯಿ ನನಗೆ ನಾಗರಾಜನ ತಾಯಿ, ಅಷ್ಟೇ. ಅವರಾದರೂ ಮಗನ ಹೆಸರು ಹೇಳಬಹುದಿತ್ತು. ಅವರು ಯಾಕೆ ಹೇಳಲಿಲ್ಲ ಎಂಬುದು ಆಮೇಲೆ ತಿಳಿಯಿತು. ಬೇರೆ ಯಾವ ದೇಶದವರಾದರೂ ಹೆಸರು ಬರೆದ ರಟ್ಟು ಹಿಡಿದು ನಿಲ್ಲುತ್ತಾರೆ. ನಾವು ಮಾತ್ರ ಒಬ್ಬರ ಹೆಸರನ್ನೊಬ್ಬರು ಹೇಳದೆ, ಅತ್ಯಂತ ಮರ್ಯಾದೆಯಿಂದ, ತಪ್ಪು ಕಾರಿನಲ್ಲಿ ಕೂತು ಕೊಲ್ಲಿಯ ಮೇಲಿನ ಸೇತುವೆ ದಾಟಿದೆವು.

ಮನೆಗೆ ಬಂದವರು ಕೈಕಾಲು ತೊಳೆದು ನನ್ನ ಫ್ರಿಜ್ಜು ತೆರೆದರು. ಒಳಗೆ ಬ್ರೆಡ್ಡು, ಮೊಸರು, ಒಂದು ಕೊತ್ತಂಬರಿ ಕಟ್ಟು. ಆಮೇಲೆ ಕಪಾಟು ತೆರೆದರು. ಕಾರ್ಖಾನೆಯವರು ಕೊಟ್ಟ ಟೊಮೇಟೊ ಡಬ್ಬಿಗಳು ನೆಲದಿಂದ ನೆತ್ತಿಯವರೆಗೆ ಇದ್ದವು. ಅವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಹಣ್ಣು ಸಿಗಲ್ವೇನಪ್ಪ ಈ ದೇಶದಲ್ಲಿ?” ಎಂದರು. ನಾನು ಓಡಿಹೋಗಿ ಕೆಳಗಿನ ಅಂಗಡಿಯಿಂದ ಟೊಮೇಟೊ ಹಣ್ಣು, ಅಕ್ಕಿ ತಂದೆ. ಬೇಳೆ, ಹುಣಸೆಹಣ್ಣು, ಸಾರಿನ ಪುಡಿ ಎಲ್ಲ ಅವರ ಚೀಲದಲ್ಲೇ ಇದ್ದವು. ಪ್ರಯಾಣ ಮಾಡಿ ಬಂದವರು, ಮಲಗಿ ಎಂದರೆ ಕೇಳಲಿಲ್ಲ. “ಮಲಗೋದು ಇದ್ದೇ ಇದೆ. ನೀನು ಹಸಿದಿದ್ದೀಯ.”

ಟೊಮೇಟೊ ಹೆಚ್ಚುತ್ತ ನಾನು ನನ್ನ ವಿದ್ಯೆ ತೋರಿಸಿದೆ. ಟೊಮೇಟೊ ನಮ್ಮದಲ್ಲಮ್ಮ, ಈ ಅಮೆರಿಕ ಖಂಡದ್ದು. ಮೆಣಸಿನಕಾಯಿಯೂ ಇಲ್ಲಿಂದಲೇ ಹಡಗು ಹತ್ತಿ ನಮ್ಮ ಕಡೆ ಬಂದದ್ದು ಎಂದೆ. ಅವರು ನಂಬಲಿಲ್ಲ. “ಹಾಗಾದ್ರೆ ಇವರ್ಯಾಕೆ ಸಾರು ಮಾಡಲ್ಲ?” ಎಂದು ಕೇಳಿದರು. ನಾನು ಹೆಚ್ಚಿದ್ದನ್ನು ಪಾತ್ರೆಗೆ ಹಾಕಿದೆ. ತಾವು ಹುಟ್ಟಿದ ನೆಲದಲ್ಲಿ ಟೊಮೇಟೊ ಮೆಣಸಿನಕಾಯಿಗಳೆರಡೂ ಒಂದೇ ಪಾತ್ರೆಯಲ್ಲಿ ಕುದಿಯುತ್ತಿದ್ದವು. ಆ ಅಡುಗೆಮನೆಯಲ್ಲಿ ಪರದೇಶಿಗಳೆಂದರೆ ನಾವಿಬ್ಬರೇ.

ಆಗ ಅವರು ಹೇಳಿದರು: “ಚಕ್ಲಿ ತಂದಿದೀನಿ. ನನ್ನ ಮೊಮ್ಮಗಂಗೆ ಚಕ್ಲಿ ಅಂದ್ರೆ ಪ್ರಾಣ.”

ನಾಗರಾಜನಿಗೆ ಇರುವುದು ಒಬ್ಬಳೇ ಮಗಳು. ಕೊತ್ತಂಬರಿ ಹೆಚ್ಚುತ್ತಿದ್ದ ನನ್ನ ಚಾಕು ಅಲ್ಲೇ ನಿಂತಿತು. “ಮೊಮ್ಮಗಳಿಗೆ?” ಎಂದೆ. “ಮೊಮ್ಮಗಳೆಲ್ಲಿ ಬಂದ್ಳು? ಒಬ್ನೇ ಮೊಮ್ಮಗ” ಎಂದರು. ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಅವರು ಒಲೆಯ ಕಡೆ ತಿರುಗಿ, “ಇಂಗು ಇದ್ಯೇನಪ್ಪ ನಿಮ್ಮನೇಲಿ?” ಎಂದು ಕೇಳಿದರು.

ಫೋನು ಅಡುಗೆಮನೆಯ ಗೋಡೆಯ ಮೇಲೇ ಇತ್ತು, ಕೈ ಚಾಚಿದರೆ ಸಿಗುವಂತೆ. ಏರ್‌ಪೋರ್ಟಿನಲ್ಲಿ ಯಾವನೋ ಒಬ್ಬ ಮಗ ತಾಯಿ ಕಾಣದೆ ಹುಚ್ಚನಾಗಿ ಓಡಾಡುತ್ತಿರುತ್ತಾನೆ. ನಾಗರಾಜನ ತಾಯಿ ಒಂದು ಅಕ್ಷರ ಇಂಗ್ಲಿಷ್ ಬರದೆ ಬೆಂಚಿನ ಮೇಲೆ ಕೂತಿರುತ್ತಾರೆ. ಇದೆಲ್ಲ ನನಗೆ ಸ್ಪಷ್ಟವಾಗಿ ಕಾಣಿಸಿತು. ಕಾಣಿಸಿದ ಮೇಲೂ ನಾನು ಫೋನಿನ ಕಡೆ ಹೋಗಲಿಲ್ಲ, ಇಂಗಿನ ಡಬ್ಬಿಯ ಕಡೆ ಹೋದೆ. ಒಗ್ಗರಣೆ ಆಗಲಿ, ಐದೇ ನಿಮಿಷ ಎಂದುಕೊಂಡೆ. ಸಾಸಿವೆ ಸಿಡಿಯಿತು, ಕರಿಬೇವು ಇಲ್ಲವೆಂದು ಬೈದರು. ಅನ್ನ ಆಗಲಿ ಎಂದುಕೊಂಡೆ. ಬಡಿಸಿದರು. ನಾನು ಕುರ್ಚಿಯ ಮೇಲೆ ಕುಳಿತುಕೊಂಡೆ. ಎದುರಿನ ಕುರ್ಚಿಯಲ್ಲಿ ಅವರು. “ಇನ್ನೊಂಚೂರು ಹಾಕ್ಸಿಕೊ” ಎಂದರು, ಹಾಕಿಸಿಕೊಂಡೆ. ದಿನವಿಡೀ ರುಚಿ ನೋಡಿ ಉಗುಳುವವನು ಅಂದು ಮೂರು ಸಲ ಸಾರನ್ನ ಉಂಡೆ. ಹೀಗೆ ನಲವತ್ತು ನಿಮಿಷ ಕಳೆದವು. ಸುಖವಾಗಿತ್ತು, ನಾಚಿಕೆಯೂ ಆಗುತ್ತಿತ್ತು.

ಕೈ ತೊಳೆದು ಬಂದು ಹೇಳಿದೆ: “ಅಮ್ಮಾ, ಏನೋ ತಪ್ಪಾಗಿದೆ. ನಿಮ್ಮ ಮಗನ ಹೆಸರೇನು?” ಅವರು ಪರ್ಸಿನಿಂದ ಒಂದು ಚೀಟಿ ತೆಗೆದರು. “ಹೆಸರು ನಾನು ಹೇಳೋ ಹಾಗಿಲ್ಲ ಕಣಪ್ಪ. ನಮ್ಮ ಮಾವನೋರ ಹೆಸರು ಇಟ್ಟಿದೀವಿ. ನೀನೇ ಓದ್ಕೊ.” ಕೃಷ್ಣಮೂರ್ತಿ ಎಂಬ ಹೆಸರು, ಲಿವರ್‌ಮೋರ್ ಎಂಬ ಊರು, ಫೋನ್ ನಂಬರು. ಮಾಡಿದೆ. ಎತ್ತಿದ್ದು ಆಗ ಹೊಸದಾಗಿ ಬಂದಿದ್ದ, ಹೇಳಿದ್ದನ್ನು ಹಿಡಿದಿಟ್ಟುಕೊಳ್ಳುವ ಯಂತ್ರ. ಅದಕ್ಕೆ, “ನಿಮ್ಮ ತಾಯಿ ನನ್ನ ಹತ್ರ ಇದಾರೆ. ಗಾಬರಿ ಆಗ್ಬೇಡಿ. ಏರ್‌ಪೋರ್ಟಿಗೆ ಬನ್ನಿ, ಹೇಳ್ತೀನಿ” ಎಂದು ಹೇಳಿ ಇಟ್ಟೆ. ಅಪಹರಣ ಮಾಡುವವರೂ ಹೀಗೇ ಹೇಳುತ್ತಾರೆ ಎಂಬುದು ಇಟ್ಟ ಮೇಲೆ ಹೊಳೆಯಿತು.

ಮತ್ತೆ ಸೇತುವೆ. ಕೊಲ್ಲಿಯ ನೀರಿನ ಮೇಲೆ ಮಧ್ಯಾಹ್ನದ ಬಿಸಿಲು ಬಿದ್ದಿತ್ತು. ನಾನು ಕ್ಷಮೆ ಕೇಳಲು ಮಾತು ಹುಡುಕುತ್ತಿದ್ದೆ. ಅವರು ಕಿಟಕಿಯಿಂದ ಕಣ್ಣು ತೆಗೆಯದೆ ಹೇಳಿದರು: “ಮೊಮ್ಮಗ ಅಂದಾಗ ನಿನ್ನ ಮುಖ ನೋಡ್ದೆ. ನಂಗೂ ಆಗ್ಲೇ ಗೊತ್ತಾಯ್ತು ಕಣಪ್ಪ.”

“ಮತ್ತೆ ಯಾಕಮ್ಮ ಹೇಳ್ಲಿಲ್ಲ?”

“ಪುಟ್ಟುಗೆ ಹೆಂಡ್ತಿ ಇದಾಳೆ, ಅಡುಗೆ ಮಾಡಿ ಹಾಕ್ತಾಳೆ. ನಿಂಗೆ ಯಾರು ಮಾಡ್ತಾರೆ? ಒಗ್ಗರಣೆ ಹಾಕಿ ಹೇಳೋಣ ಅಂದ್ಕೊಂಡೆ. ಆಮೇಲೆ ನೀನು ಉಣ್ಣೋದು ನೋಡ್ತಾ ಕೂತ್ಬಿಟ್ಟೆ.” ಆಮೇಲೆ ನನ್ನ ಕಡೆ ತಿರುಗಿ, “ಪಾಪ, ಅವನಿಗೆ ತುಂಬಾ ಗಾಬರಿ ಆಗಿರತ್ತೆ, ಬೇಗ ಓಡ್ಸು” ಎಂದರು.

ಏರ್‌ಪೋರ್ಟಿನ ಬೆಂಚಿನ ಮೇಲೆ ಬಿಳಿ ಕೂದಲು, ಮೂಗುಬೊಟ್ಟು, ಸ್ವೆಟರಿನ ಇನ್ನೊಬ್ಬ ತಾಯಿ ಕುಳಿತಿದ್ದರು. ಉಪ್ಪಿನಕಾಯಿಯ ಭರಣಿಯನ್ನು ಕಸ್ಟಮ್ಸ್‌ನವರು ಬಿಚ್ಚಿಸಿ ನೋಡಿದ್ದರಿಂದ ಅವರು ಹೊರಬರುವುದು ತಡವಾಗಿತ್ತಂತೆ. ಪಕ್ಕದಲ್ಲಿ ನನಗಿಂತ ಚಿಕ್ಕ ವಯಸ್ಸಿನ ಒಬ್ಬಾತ, ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಅವರಿಗೆಂದು ತಂದ ಹಾಲಿನ ಲೋಟ. ಫ್ರೀವೇಯಲ್ಲಿ ಸಿಕ್ಕಿಕೊಂಡು ಅರ್ಧ ಗಂಟೆ ತಡವಾಗಿ ಬಂದಿದ್ದ ಕೃಷ್ಣಮೂರ್ತಿ ಅವರು. ತಮ್ಮ ತಾಯಿ ಕಳೆದುಹೋಗಿದ್ದರೂ, ಕನ್ನಡದ ಮುದುಕಿಯೊಬ್ಬರು ಒಂಟಿಯಾಗಿ ಕೂತಿದ್ದಾರೆಂದು ಹುಡುಕಾಟದ ನಡುನಡುವೆ ಬಂದು ಅವರನ್ನು ನೋಡಿಕೊಂಡು ಹೋಗುತ್ತಿದ್ದರಂತೆ. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ತಾಯಿಯ ಕೈ ಹಿಡಿದುಕೊಂಡು, ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದರು: “ನಿಮ್ಗೆ ಯಾವಾಗ ಗೊತ್ತಾಯ್ತು?”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರ ತಾಯಿ ಹೇಳಿದರು: “ಊಟ ಆದ್ಮೇಲೆ ಕಣೋ, ಚೀಟಿ ತೆಗ್ದಾಗ. ಗೊತ್ತಾದ ತಕ್ಷಣ ಪಾಪ ಓಡ್ಸಿಕೊಂಡು ಬಂದ.”

ನಾನು ತೆರೆದ ಬಾಯಿ ಮುಚ್ಚಿಕೊಂಡೆ. ನಾಗರಾಜನ ತಾಯಿಯನ್ನು ಕೂರಿಸಿಕೊಂಡು ಮನೆಗೆ ಬಂದೆ. ಅವರು ನನ್ನ ಜೊತೆ ಮಾತಾಡಲಿಲ್ಲ, ನ್ಯಾಯವಾಗಿಯೇ. ಕೃಷ್ಣಮೂರ್ತಿಯವರ ಮನೆಗೆ ನನಗೆ ಕರೆ ಬರಲಿಲ್ಲ. ಅವರ ತಾಯಿ ಆರು ತಿಂಗಳಿದ್ದು ಊರಿಗೆ ಹೋದರೆಂದು ಯಾರೋ ಹೇಳಿದರು. ನಾನು ಈಗಲೂ ಸಾರು ಮಾಡಿದ ದಿನ ಕುಳಿತೇ ಉಣ್ಣುತ್ತೇನೆ. ಅಮೆರಿಕದ ಒಳ್ಳೆಯದು ಕೆಟ್ಟದ್ದರ ಆಟದಲ್ಲಿ ನನ್ನ ಸರದಿ ಬಂದಾಗ, ಇಲ್ಲಿ ಯಾರೂ ಏನೂ ಕೇಳುವುದಿಲ್ಲ ಎಂದು ಒಳ್ಳೆಯದಕ್ಕೆ ಹೇಳಿ, ಕೆಟ್ಟದ್ದಕ್ಕೂ ಅದನ್ನೇ ಹೇಳುತ್ತೇನೆ. ತಮಾಷೆ ಎಂದುಕೊಂಡು ನಗುತ್ತಾರೆ. ಏರ್‌ಪೋರ್ಟಿಗೆ ಹೋದರೆ ಈಗ ಮರ್ಯಾದೆ ಬಿಟ್ಟು ಮೊದಲು ಹೆಸರು ಕೇಳುತ್ತೇನೆ. ಆಮೇಲೆ, ಊಟ ಆಯಿತೇ ಎಂದು ಕೇಳುತ್ತೇನೆ.

ಒಂದು ಮಾತು ಮಾತ್ರ ಬಾಕಿ ಉಳಿದಿದೆ. ಕೃಷ್ಣಮೂರ್ತಿಯವರೇ, ನೀವು ಇದನ್ನು ಓದುವ ಸಂಭವ ಕಡಿಮೆ. ಆದರೂ ಅಂದು ನೀವು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು: ಊಟಕ್ಕೆ ಮೊದಲೇ ಗೊತ್ತಾಗಿತ್ತು. ಇಬ್ಬರಿಗೂ. ನಿಮ್ಮ ತಾಯಿಯ ನಲವತ್ತು ನಿಮಿಷ ನನ್ನ ಹತ್ತಿರ ಉಳಿದುಹೋಗಿದೆ, ಕ್ಷಮಿಸಿ. ಸಾರು ಬಹಳ ಚೆನ್ನಾಗಿತ್ತು.