ಕಾರ್ಕ್ ತಾತಂದಿರ ಹಾಡು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಎಲ್ಲರಿಗೂ ಸದಾ ಸುಸ್ತು. ತೊಂಬತ್ತರ ದಶಕ ಅದು. ಅಪ್ಪ ಬೆಳಕು ಹರಿಯುವ ಮೊದಲೇ ಅಮೆರಿಕದಲ್ಲಿ ನಾವಿದ್ದ ಸೆಂಟರ್‌ವಿಲ್ ಬಿಟ್ಟು, ಸ್ವಲ್ಪ ದೂರ ಕಾರು, ಆಮೇಲೆ ಮೆಟ್ರೊ ಹಿಡಿದು ವಾಷಿಂಗ್ಟನ್ನಿನ ಆಫೀಸಿಗೆ ಹೋಗುತ್ತಿದ್ದರು. ಸಂಜೆ ಬಂದವರು ಒಂದು ಸಾಕ್ಸು ಬಿಚ್ಚಿ, ಇನ್ನೊಂದನ್ನು ಮರೆತು, ಸೋಫಾದ ಮೇಲೆ ನಿದ್ದೆ ಹೋಗುತ್ತಿದ್ದರು. ಅಮ್ಮ ಲ್ಯಾಬಿನ ಕೆಲಸ ಮುಗಿಸಿ ಬಂದು ಅಡುಗೆಗೆ ನಿಲ್ಲುತ್ತಿದ್ದಳು. ನನಗೂ ಸುಸ್ತೇ. ಸ್ಕೂಲು, ಈಜು, ಶನಿವಾರದ ಕನ್ನಡ ಕ್ಲಾಸು, ಸಾಲದ್ದಕ್ಕೆ ಪಿಟೀಲು. ಹತ್ತು ವರ್ಷದವನಿಗೆ ಎಂಥ ಸುಸ್ತು ಎಂದು ನಗಬೇಡಿ.

ಪಿಟೀಲು ಕಲಿಸುತ್ತಿದ್ದವರು ಪಕ್ಕದ ಮನೆಯ ಮುದುಕರು, ಐರ್ಲೆಂಡಿನ ಕಾರ್ಕ್ ನಗರದವರು. ನಾನು ಅವರನ್ನು ಪಿಟೀಲು ತಾತ ಎನ್ನುತ್ತಿದ್ದೆ. ಅವರ ಮನೆಯೊಳಗೆ ಕಮಾನಿಗೆ ಉಜ್ಜುವ ರಾಳದ ವಾಸನೆ, ಕಡು ಚಹಾದ ವಾಸನೆ. ಪಾಠಕ್ಕೆ ಮೊದಲು ಊರಿನ ಪುರಾಣ ಆಗಲೇಬೇಕು. ಹಿಂದೆ ಹಳ್ಳಿಹಳ್ಳಿಯ ಬೆಣ್ಣೆ ಆ ಊರಿನ ಮಾರುಕಟ್ಟೆಗೆ ಬಂದು ಅಲ್ಲಿಂದ ಹಡಗು ಹತ್ತುತ್ತಿತ್ತಂತೆ. ಆ ಮಾರುಕಟ್ಟೆಯ ಸುತ್ತಲಿನ ಬೆಣ್ಣೆ ಕೇರಿಯವರದ್ದೇ ಒಂದು ಬ್ಯಾಂಡು, ಹೊಳೆಯಾಚೆಯವರದ್ದು ಇನ್ನೊಂದು. ಎರಡೂ ಎದುರಾದರೆ ಜಿದ್ದಿಗೆ ಬಿದ್ದು ಊದುತ್ತಿದ್ದರಂತೆ. ಗುಡ್ಡದ ಮೇಲಿನ ಚರ್ಚಿನ ಗೋಪುರದಲ್ಲಿ ಎಂಟು ಗಂಟೆಗಳು. ಯಾರು ಬೇಕಾದರೂ ಮೆಟ್ಟಿಲು ಹತ್ತಿ, ಹಾಳೆಯಲ್ಲಿ ಬರೆದ ಅಂಕಿ ನೋಡಿ ಹಗ್ಗ ಎಳೆದು, ಊರಿಗೆಲ್ಲ ಕೇಳುವಂತೆ ಹಾಡು ಬಾರಿಸಬಹುದಿತ್ತು. ಅದೇ ಗೋಪುರದ ನಾಲ್ಕು ಗಡಿಯಾರಗಳು ನಾಲ್ಕು ಹೊತ್ತು ತೋರಿಸುತ್ತಿದ್ದವಂತೆ. ಆ ಊರಿನವರಾದ್ದರಿಂದಲೋ ಏನೋ, ನಾನು ತಡವಾಗಿ ಹೋದರೂ ಅವರು ಬೈಯುತ್ತಿರಲಿಲ್ಲ.

ಪಿಟೀಲು ತಾತನ ಕೇರಿಯಲ್ಲೇ ಬೆಳೆದ ಗೆಳೆಯರೊಬ್ಬರು ಹತ್ತಿರದ ವೃದ್ಧಾಶ್ರಮದಲ್ಲಿದ್ದರು. ಇಬ್ಬರೂ ಹುಡುಗರಾಗಿದ್ದಾಗಿನಿಂದ ಒಂದು ಹಾಡನ್ನು ಹಂಚಿಕೊಂಡು ನುಡಿಸುತ್ತಿದ್ದರು. ಮೊದಲ ಅರ್ಧ ಪಿಟೀಲು ತಾತನದು, ಎರಡನೆಯ ಅರ್ಧ ಗೆಳೆಯರದು. ಈಗ ಗೆಳೆಯರ ಬೆರಳು ಸೆಟೆದುಹೋಗಿದ್ದವು. ಅವರು ತಮ್ಮ ಪಿಟೀಲನ್ನೇ ನನಗೆ ಕಳಿಸಿ, "ನನ್ನ ಅರ್ಧ ನೀನು ಕಲಿ, ಭಾನುವಾರ ಬಂದು ಕೇಳಿಸು" ಎಂದು ಹೇಳಿಸಿದರು. ನಾನು ಒಪ್ಪಿಕೊಂಡೆ. ಒಪ್ಪಿಕೊಳ್ಳುವುದಕ್ಕೆ ಏನೂ ಸುಸ್ತಾಗುವುದಿಲ್ಲ ನೋಡಿ.

ಅದು ನವರಾತ್ರಿಯ ವಾರ. ಗುರುವಾರ ಅಮ್ಮ ಸರಸ್ವತಿ ಪೂಜೆಗೆ ಪುಸ್ತಕ ಜೋಡಿಸಿದಳು. ಪೂಜೆಗಿಟ್ಟದ್ದನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ದಶಮಿ ಬಿದ್ದದ್ದು ಭಾನುವಾರ. ಕಲಿಯದೆ ಇರಲು ನನಗೆ ಇಷ್ಟು ನೆಪ ಸಾಕಾಯಿತು. ಗಣಿತದ ಪುಸ್ತಕದ ಪಕ್ಕ ನನ್ನ ಪಿಟೀಲನ್ನೂ ಆ ಗೆಳೆಯರು ಕಳಿಸಿದ ಪಿಟೀಲನ್ನೂ ತಂದು ಮಲಗಿಸಿದೆ. "ಎಷ್ಟು ಭಕ್ತಿ ನೋಡಿ ಇವನಿಗೆ!" ಎಂದು ಅಮ್ಮ ಅಪ್ಪನಿಗೆ ಹೇಳಿ ಅರಿಶಿನ ಕುಂಕುಮ ಇಟ್ಟಳು. ನಾನು ಭಾನುವಾರದ ಮಾತೇ ಎತ್ತಲಿಲ್ಲ. ಮೂರು ದಿನ ಕಡಲೆ ಉಸ್ಲಿ ತಿನ್ನುತ್ತ ಟಿವಿ ನೋಡಿದೆ.

ಭಾನುವಾರ ಮಧ್ಯಾಹ್ನ ಪಿಟೀಲು ತಾತ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಾಗಿಲಿಗೆ ಬಂದಾಗ ಗುಟ್ಟು ರಟ್ಟಾಯಿತು.

"ಸರಸ್ವತಿ ಹೆಸರಲ್ಲಿ ಸೋಮಾರಿತನ ಮಾಡಿದ್ಯೇನೋ?" ಎಂದಳು ಅಮ್ಮ. "ಒಂದು ಮಾತು ಹೇಳಿದ್ರೆ ನಾನೇ ಎತ್ಕೊಡ್ತಿರ್ಲಿಲ್ವಾ?"

ಅಪ್ಪ ಸೋಫಾದಿಂದ ಕಷ್ಟಪಟ್ಟು ಎದ್ದರು. "ನಡಿ, ನಾನು ಡ್ರೈವ್ ಮಾಡ್ತೀನಿ. ಬಂದಷ್ಟು ನುಡ್ಸು."

ವೃದ್ಧಾಶ್ರಮದ ಕೋಣೆಯಲ್ಲಿ ಔಷಧಿಯ ವಾಸನೆ, ಬೇಯಿಸಿದ ಕ್ಯಾರೆಟ್ಟಿನ ವಾಸನೆ. ಗೆಳೆಯರು ತಲೆಗೆ ನೀರು ಮುಟ್ಟಿಸಿ, ಬೈತಲೆ ತೆಗೆದು ಬಾಚಿಕೊಂಡು, ದಿಂಬಿಗೊರಗಿ ಕೂತಿದ್ದರು. ಪಿಟೀಲು ತಾತ ಮೊದಲ ಅರ್ಧ ನುಡಿಸಿ ನನ್ನ ಕಡೆ ತಲೆಯಾಡಿಸಿದರು. ನಾನು ಕಮಾನು ಎಳೆದೆ. ನಾಲ್ಕು ಸ್ವರ ಬಂದವು, ಐದನೆಯದು ಬರಲಿಲ್ಲ. ಮೊದಲಿನಿಂದ ಹಿಡಿದೆ, ಅಲ್ಲಿಗೇ ಬಂದು ನಿಂತೆ. ಭೂಮಿ ಬಾಯ್ಬಿಡಬಾರದೇ ಎನಿಸಿತು.

ಗೆಳೆಯರು ಕಣ್ಣು ಮುಚ್ಚಿದರು. ಕಂಬಳಿಯ ಮೇಲೆ ಅವರ ಸೆಟೆದ ಬೆರಳುಗಳು ನಿಧಾನವಾಗಿ ಏಳುತ್ತ ಬೀಳುತ್ತ ನಡೆದವು. ಪಿಟೀಲು ತಾತ ಬೂಟುಗಾಲಿನಲ್ಲಿ ತಾಳ ಹಿಡಿದರು. ಆ ಅರ್ಧ ಹಾಡು ಒಂದು ಸ್ವರವೂ ಕೇಳಿಸದೆ ಮುಗಿಯಿತು. ಬೆರಳು ನಿಂತ ಗಳಿಗೆಗೆ ಸರಿಯಾಗಿ ಪಿಟೀಲು ತಾತ ತಮ್ಮ ಅರ್ಧವನ್ನು ಮತ್ತೆ ಎತ್ತಿಕೊಂಡರು.

ಹೊರಡುವಾಗ ಗೆಳೆಯರು ನನ್ನ ಕೈ ಹಿಡಿದು, "ಇವತ್ತು ನಿನಗೆ ಸುಸ್ತಾಗಿತ್ತು, ಮಗು. ಇನ್ನೊಮ್ಮೆ ಬಾ" ಎಂದರು. ನಾನು ದಿನಾ ಸಂಜೆ ಕೂತು ಆ ವಾರವೇ ಕಲಿತೆ. ಮುಂದಿನ ಭಾನುವಾರದ ಹೊತ್ತಿಗೆ ಅವರು ಇರಲಿಲ್ಲ.

ಮಕ್ಕಳೇ, ನೀವು ಕೇಳಿದರೆ ಸಾಕು, ನಿಮ್ಮ ಫೋನು ಕಾರ್ಕ್ ನಗರದ ಯಾವ ಹಾಡನ್ನು ಬೇಕಾದರೂ ಅರೆಗಳಿಗೆಯಲ್ಲಿ ನುಡಿಸುತ್ತದೆ. ಅದು ಎಲ್ಲೂ ತಪ್ಪುವುದಿಲ್ಲ, ಸುಸ್ತು ಎನ್ನುವುದಿಲ್ಲ. ಒಳ್ಳೆಯದೇ ಆಯಿತು, ಈ ವಯಸ್ಸಿನಲ್ಲಿ ನಾನೂ ಅದನ್ನೇ ಹಾಕಿಕೊಂಡು ಮಲಗುತ್ತೇನೆ. ಆದರೆ ಅದು ಬರುತ್ತದೆಂದು ಯಾರೂ ತಲೆ ಬಾಚಿಕೊಂಡು ಕಾಯುವುದಿಲ್ಲ. ನನಗಾಗಿ ಒಬ್ಬರು ಕಾದಿದ್ದರು.