ಬಜಪೆಯಲ್ಲಿ ನನ್ನ ತೂಕ

ವಿಮಾನ ಹಾರಿಸಲು ಕಲಿಯಬೇಕೆಂಬ ಹುಚ್ಚು ನನಗೆ ಹಿಡಿದದ್ದು ಐವತ್ತರ ದಶಕದ ಕೊನೆಯಲ್ಲಿ. ಆ ಬೇಸಿಗೆ ಹೊರ ಊರಿನ ಕ್ಲಬ್ಬಿನವರು ಎರಡೇ ಸೀಟಿನ ಪುಟ್ಟ ವಿಮಾನವೊಂದನ್ನು ನಮ್ಮೂರ ಹೊರಗಿನ ಬಜಪೆ ವಿಮಾನ ನಿಲ್ದಾಣಕ್ಕೆ ತಂದು, ಆಸೆಯಿದ್ದವರಿಗೆ ಮೊದಲ ಪಾಠ ಹೇಳುತ್ತಿದ್ದರು. ಪಾಠವೆಂದರೆ ಕಿಟಕಿಯಲ್ಲಿ ಕೂತು ನೋಡುವುದಲ್ಲ. ಮೇಲೆ ಹೋದ ಮೇಲೆ ಹಿಡಿಕೆಯನ್ನು ನಮ್ಮ ಕೈಗೇ ಕೊಡುತ್ತಿದ್ದರು. ಕಾಲೇಜು ಮುಗಿಸಿ, ಅತ್ತಾವರದ ಮನೆಯಲ್ಲಿ ಹೆಣ್ಣು ನೋಡಲು ಬರುವವರಿಗಾಗಿ ಕಾಯುತ್ತಿದ್ದ ನನಗೆ ಅದನ್ನೊಮ್ಮೆ ಹಿಡಿಯದಿದ್ದರೆ ಬದುಕೇ ದಂಡ ಅನ್ನಿಸಿತ್ತು.

ಅಡ್ಡಿ ಬಂದದ್ದು ತೂಕ. ವಿಮಾನ ಹೊರಬಹುದಾದ ಭಾರ ಇಷ್ಟೇ ಎಂದು ನಿಯಮ; ಪೆಟ್ರೋಲು, ಕಲಿಸುವವರು, ಕಲಿಯುವವರು ಎಲ್ಲ ಅದರೊಳಗೇ. ಕಲಿಸುವವರೋ ಆರಡಿಯ ಆಳು. ಅವರ ಪಾಲು ಕಳೆದು ನನಗೆ ಉಳಿದದ್ದು ನೂರಿಪ್ಪತ್ತು ರಾತಲು, ಈಗಿನ ಲೆಕ್ಕದಲ್ಲಿ ಸುಮಾರು ಐವತ್ನಾಲ್ಕು ಕಿಲೋ. ಹೋಟೆಲು ನಡೆಸುವವರ ಮಗಳು ಸಣ್ಣಗಿದ್ದರೆ ಅವಮಾನ ಎಂದು ಅಮ್ಮ ನನ್ನನ್ನು ತಿನ್ನಿಸಿ ತಿನ್ನಿಸಿ ಬೆಳೆಸಿದ್ದಳು.

"ಎಂತ ಮಾರಾಯ್ತಿ, ಹೀಗೆ ಒಣಗಿದ್ರೆ ನಿನ್ನನ್ನು ಯಾರು ಒಪ್ತಾರೆ?" ಎಂದು ಅವಳು ಎಲೆಗೆ ಮತ್ತೆರಡು ನೀರುದೋಸೆ ಹಾಕುವಳು. ನಾನು ಮುಟ್ಟದೆ ಏಳುವೆ.

ಮನೆಯಲ್ಲಿ ತೂಕದ ಯಂತ್ರವಿರಲಿಲ್ಲ. ನಮ್ಮ ಹೋಟೆಲಿಗೆ ಅಕ್ಕಿ ಕೊಡುತ್ತಿದ್ದ ಬ್ಯಾರಿ ವ್ಯಾಪಾರಿಯೊಬ್ಬರ ಅಂಗಡಿಗೆ, ಬಂದರಿಗೆ ಹೋದೆ. ಮಾಡಿನಿಂದ ಇಳಿಬಿಟ್ಟ ದೊಡ್ಡ ತಕ್ಕಡಿಯ ಒಂದು ಹಲಗೆಯ ಮೇಲೆ ನೂರಿಪ್ಪತ್ತು ರಾತಲಿನ ಕಲ್ಲುಗಳನ್ನಿಟ್ಟು, ಇನ್ನೊಂದರಲ್ಲಿ ನನ್ನನ್ನು ಕೂರಿಸಿದರು. ನನ್ನ ಹಲಗೆ ತುಸು ಕೆಳಗಿಳಿದು ನಿಂತಿತು.

"ಸರಿ ಉಂಟು ಮಗಳೇ, ಇನ್ನು ಹಾರು," ಎಂದರು. ನಾನು ಕುಣಿದುಕೊಂಡು ಮನೆಗೆ ಬಂದೆ.

ಬಜಪೆಯ ಯಂತ್ರದ ಮುಳ್ಳು ನೂರಿಪ್ಪತ್ತೈದಕ್ಕೆ ಹೋಗಿ ನಿಂತಿತು. ಚಪ್ಪಲಿ ಬಿಚ್ಚಿದೆ, ಬಳೆ ತೆಗೆದೆ, ಮುಡಿದ ಮಲ್ಲಿಗೆಯನ್ನೂ ಕಿತ್ತೆ. ಸಾಲಲಿಲ್ಲ. ಬಂದರಿನಲ್ಲಿ ಸರಿಯಿತ್ತು ಎಂದು ವಾದಿಸುತ್ತ, ಹಲಗೆ ಹೇಗೆ ನಿಂತಿತ್ತೆಂದು ಕೈಯಲ್ಲಿ ತೋರಿಸಿದೆ. ತೋರಿಸುವಾಗ ನನಗೇ ಹೊಳೆಯಿತು. ಸರಕಿನ ಕಡೆ ಸ್ವಲ್ಪ ಬಾಗಿದರೇ ನಮ್ಮೂರಿನ ವ್ಯಾಪಾರದಲ್ಲಿ ಸರಿಯಾದ ತೂಕ. ಸಮ ನಿಂತರೆ ಗಿರಾಕಿ ಮುಖ ಗಂಟಿಕ್ಕುತ್ತಾನೆ. ಹುಟ್ಟಿದಾಗಿನಿಂದ ಆ ಕೊಸರು ನೋಡಿದ್ದ ನನಗೆ, ಈ ಸಲ ಸರಕು ನಾನೇ ಎಂಬುದು ತೋಚಿರಲಿಲ್ಲ. ಪಾಪ, ಬಂದರಿನ ಆ ವ್ಯಾಪಾರಿಗೂ ತೋಚಿರಲಿಲ್ಲ.

"ಪೆಟ್ರೋಲು ಸ್ವಲ್ಪ ಕಡಿಮೆ ಹಾಕ್ಲಿಕ್ಕೆ ಆಗುದಿಲ್ವಾ?" ಎಂದು ಕೇಳಿದೆ.

"ಅದಕ್ಕೂ ನಿಯಮ ಇದೆಯಮ್ಮ. ಮುಂದಿನ ಬೇಸಿಗೆಗೆ ಬರ್ತೀವಿ, ಅಷ್ಟರಲ್ಲಿ ಇಳಿಸಿಕೊಳ್ಳಿ," ಎಂದರು ಕಲಿಸುವವರು. ಅವರ ದನಿಯಲ್ಲಿ ಬೇಸರವೇ ಇರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಅದು ಅವರು ಊರಿಗೆ ಮರಳುವ ದಿನ. ಮಧ್ಯಾಹ್ನ ಅವರೊಬ್ಬರೇ ಹತ್ತಿದರು. ಇನ್ನೊಂದು ಸೀಟು ಖಾಲಿಯೇ ಹೋಯಿತು. ವಿಮಾನ ಕಾಣದಾಗುವವರೆಗೂ ನಾನು ಬಿಸಿಲಿನಲ್ಲಿ ನಿಂತಿದ್ದೆ.

ಆ ವರ್ಷವಿಡೀ ಊಟದಿಂದ ಅರೆಹೊಟ್ಟೆಯಲ್ಲೇ ಎದ್ದೆ. ನೋಡಲು ಬಂದವರು ಹುಡುಗಿ ತೀರ ಬಡಕಲು ಎಂದು ಹೋದರು. ಅಮ್ಮ ಅತ್ತಳು, ನನಗೆ ಒಳಗೊಳಗೇ ಖುಷಿ. ಬೇಸಿಗೆ ಬರುವಷ್ಟರಲ್ಲಿ ನೂರ ಹತ್ತಕ್ಕೆ ಇಳಿದಿದ್ದೆ. ವಿಮಾನ ಬರಲಿಲ್ಲ. ಅದರ ಮುಂದಿನ ಬೇಸಿಗೆಗೂ ಬರಲಿಲ್ಲ.

ಆಮೇಲೆ ಮದುವೆಯಾಯಿತು. ಪ್ರಯಾಣಿಕಳಾಗಿ ಎಷ್ಟೋ ಸಲ ಹಾರಿದ್ದೇನೆ. ಪೈಲಟ್ ತನ್ನ ಕೋಣೆಯ ಬಾಗಿಲು ಮುಚ್ಚಿಕೊಂಡಾಗ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.