ಅವ್ವನ ಅಳತೆಯ ರಾಟೆ

ಇಳಕಲ್ಲಿಗೆ ಇನ್ನೂ ಮೋಟಾರು ಬಾರದ ಕಾಲ. ನಮ್ಮ ಮಗ್ಗದ ಮನೆಗೆ ಬರುತ್ತಿದ್ದ ಬಡಿಗ ಯಾವ ಕೆಲಸ ಹೇಳಿದರೂ ಕಿವಿಯ ಮೇಲಿನ ಸೀಮೆಸುಣ್ಣ ತೆಗೆದು, "ಯಾರು ಕೂಡ್ತಾರ್ರಿ?" ಎಂದು ಕೇಳುತ್ತಿದ್ದ.

ಒಮ್ಮೆ ಅವ್ವನ ಹಳೆಯ ರಾಟೆ ಮುರಿದಾಗ ಅಪ್ಪ, ಬಡಿಗ ಮಾಡುವ ರಾಟೆಗಿಂತ ಅಗ್ಗವೆಂದು, ನೂಲು ಸುತ್ತುವ ವಿಲಾಯತಿ ಯಂತ್ರವನ್ನು ಮುಂಬಯಿಯಿಂದ ತರಿಸಿದ. ತುಳಿಯುವ ಹಲಗೆಗೆ ಅವ್ವನ ಕಾಲೇ ಎಟುಕಲಿಲ್ಲ. ನೂಲಿಲ್ಲದೆ ಮದುವೆಯ ಸೀರೆಗಳು ಅರ್ಧಕ್ಕೇ ನಿಂತವು. ಅಪ್ಪ ಹುಳ್ಳಗೆ ನಗುತ್ತ ಬಡಿಗನನ್ನು ಕರೆಸಿದ.

"ತುಟ್ಟಿ ಆದರೂ ಆಗ್ಲಿ, ಹೊಸಾದು ನೀನ ಮಾಡು."

"ಯಾರು ಕೂಡ್ತಾರ್ರಿ?"

ಅವ್ವ ಮಣೆಯ ಮೇಲೆ ಕೂತಳು. ಅವಳ ಪಾದ ಮುಟ್ಟಿದಲ್ಲಿ ಬಡಿಗ ಗೆರೆ ಎಳೆದ.

ನಾಲ್ಕನೆಯ ದಿನ ರಾಟೆ ಬಂತು. ಪರೀಕ್ಷಿಸಲು ಕೂತ ಅಪ್ಪನ ಮೊಣಕಾಲು ಗದ್ದಕ್ಕೆ ಬಡಿಯಿತು.

"ಸಣ್ಣದಾತಲ್ಲೋ!"

"ನೀವು ಏಳ್ರಿ ಸಾವ್ಕಾರ್ರ, ಅವ್ವಾರು ಕೂಡ್ಲಿ," ಎಂದ ಬಡಿಗ.

ಅವ್ವ ಕೂತಳು. ಸಂಜೆಯೊಳಗೆ ಮಗ್ಗಗಳೆಲ್ಲ ಮಾತಾಡತೊಡಗಿದವು.